ಕದಲದ ಚುಕ್ಕೆ

ಜೂನಿನಲ್ಲಿ ಆಂಕರೇಜಿಗೆ ರಾತ್ರಿ ಬರುವುದಿಲ್ಲ.
ಹನ್ನೊಂದಾದರೂ ಸೂರ್ಯ
ಹೊರಟೆ ಹೊರಟೆ ಎನ್ನುತ್ತ ಹೊಸ್ತಿಲಲ್ಲೇ ನಿಂತ ನೆಂಟ.
ನಮ್ಮ ಕೋಣೆಗೆ ಮಾತ್ರ ಕಿಟಕಿಯಿಲ್ಲ.
ಕಪ್ಪು ಪರದೆ, ಹಸಿರು ಅಂಕಿ,
ಆರಿದ ಕಾಫಿ, ಪಕ್ಕದಲ್ಲಿ ಲೆಮುಯೆಲನ ಕೆಮ್ಮು.
ಹದಿನೇಳು ವರ್ಷದಿಂದ
ಆಕಾಶವೆಂದರೆ ನನಗೆ ಇಷ್ಟೇ.

ದೊಡ್ಡದು ಸಿಯಾಟಲಿನದು.
ನೂರ ಅರವತ್ತೆರಡು ಜನ,
ಹೆಚ್ಚಿನವರು ಬಾಯಿ ತೆರೆದು ನಿದ್ದೆ.
ಒಂದು ಮಗು ಮುಂದಿನ ಸೀಟನ್ನು ಒದೆಯುತ್ತಿದ್ದಿರಬೇಕು,
ಪ್ರತಿ ವಿಮಾನದಲ್ಲೂ ಒಂದಿರುತ್ತದೆ.
ಪರದೆಯಲ್ಲಿ ವಿಮಾನದ ಪಕ್ಕ ಅದರ ಜಾತಕ:
ಹೆಸರು, ವೇಗ, ಎರಡು ಸಾವಿರ ಅಡಿ.

ಚಿಕ್ಕದು ಬರಿಯ ಚುಕ್ಕೆ.
ಹೆಸರಿಲ್ಲ, ಎತ್ತರವಿಲ್ಲ,
ಕರೆದರೆ ಓಗೊಡುವುದಿಲ್ಲ.
ನೀರಿಗಂಟಿಕೊಂಡು ಹಾರುತ್ತಿದೆಯೋ
ಮೋಡ ಸವರಿಕೊಂಡೋ, ಯಾರು ಬಲ್ಲರು?

"ಎದುರಿಗೆ, ಮೂರು ಮೈಲಿ, ಎತ್ತರ ಗೊತ್ತಿಲ್ಲ" ಎಂದೆ.
"ನೋಡ್ತಿದ್ದೇವೆ" ಎಂದಿತು ದನಿ.
ನೋಡ್ತಿದ್ದೇವೆ ಎಂದರೆ ನಮ್ಮಲ್ಲಿ
ಕಾಣುತ್ತಿಲ್ಲ ಎಂದರ್ಥ.
"ಬಿಸಿಲೊಂದೇ ಕಾಣ್ತಿದೆ."

ಎರಡು ಮೈಲಿ.

ಎತ್ತರ ತಿಳಿಯದವನು
ಏರು ಎಂದು ಹೇಗೆ ಹೇಳಲಿ, ಇಳಿ ಎಂದು ಹೇಗೆ?
ಬಲಕ್ಕೆ ಎಂದೆ. ಈಗಲೇ ಎಂದೆ.
ಅರವತ್ತು ಟನ್ನು ಒಂದು ಮಾತಿಗೆ ಹೊರಳಲು
ಹೊತ್ತು ಹಿಡಿಯುತ್ತದೆ.
ಅಂಕಿಯ ಮೇಲೆ ಚುಕ್ಕೆ ಹತ್ತಿತು,
ಎಂಟೋ ಮೂರೋ ಓದಲಾಗದಷ್ಟು.
ಲೆಮುಯೆಲ್ ಕೆಮ್ಮುವುದನ್ನು ಮರೆತ.

ಆಮೇಲೆ ಎರಡೂ ಬಿಡಿಸಿಕೊಂಡವು,
ಜಾತ್ರೆಯಿಲ್ಲದ ಊರಿನ ಬೀದಿಯಲ್ಲಿ
ಭುಜ ತಾಗಿ, ಹಿಂತಿರುಗಿಯೂ ನೋಡದೆ
ಹೋದವರ ಹಾಗೆ.

ಮರುದಿನ ಅವಳೇ ಫೋನು ಮಾಡಿದಳು.
ಅಗ್ರಫೀನಾ ಇವಾನಾಫ್, ಅರವತ್ತೆಂಟು.
ಕೊಲ್ಲಿಯಾಚೆಯ ಬಿಡಾರದಿಂದ
ನಲವತ್ತು ಸಾಲ್ಮನ್, ಒಂದು ಮುದಿ ನಾಯಿ ಹೇರಿಕೊಂಡು
ದೋಣಿಗಾಲಿನ ವಿಮಾನದಲ್ಲಿ ಮನೆಗೆ ಬರುತ್ತಿದ್ದವಳು.
ಮೀನಿನ ಪೆಟ್ಟಿಗೆ ಜಾರಿ
ಹೆಡ್‌ಫೋನಿನ ತಂತಿ ಕಳಚಿತ್ತಂತೆ.
ಎತ್ತರ ಹೇಳುವ ಡಬ್ಬಿ ಕೆಟ್ಟಿದ್ದು
ಅವಳಿಗೆ ಗೊತ್ತೇ ಇರಲಿಲ್ಲವಂತೆ.

"ಗಾಜಿನ ಮೇಲೆ ಸೊಳ್ಳೆ ಸತ್ತಿದೆ ಅಂದ್ಕೊಂಡೆ.
ಹೆಬ್ಬೆರಳಲ್ಲಿ ಒರೆಸಿದೆ. ಹೋಗಲಿಲ್ಲ.
ಹೊರಗಡೆ ಅಂಟಿರಬೇಕು ಅಂತ ಸುಮ್ಮನಾದೆ.
ನೋಡ್ತಾ ನೋಡ್ತಾ
ಸೊಳ್ಳೆಗೆ ರೆಕ್ಕೆ ಬೆಳೀತಾ ಇದೆ.

ಹಾರೋದು ಕಲಿಸಿದ ನಮ್ಮಪ್ಪ ಹೇಳ್ತಿದ್ದ:
ಗಾಜಲ್ಲಿ ಎಡಕ್ಕೋ ಬಲಕ್ಕೋ ಜಾರೋದಕ್ಕೆ ಹೆದರಬೇಡ,
ಅದು ತನ್ನ ದಾರಿ ಹಿಡೀತು ಅಂತ ಲೆಕ್ಕ.
ಇದ್ದಲ್ಲೇ ಇದ್ದು ದೊಡ್ಡದಾಗ್ತದಲ್ಲ,
ಅದು ನಿನ್ನ ಮನೆ ಕೇಳ್ಕೊಂಡೇ ಬರ್ತಿದೆ.

ಮೂತಿ ತಗ್ಗಿಸಿದೆ.
ನಾಯಿ ಮೀನಿನ ಮೇಲೆ, ಮೀನು ನನ್ನ ಮೇಲೆ.
ತಲೆ ಎತ್ತಿದರೆ ಅದರ ಹೊಟ್ಟೆ,
ಮೊಳೆಯ ಸಾಲು ಎಣಿಸಬಹುದಿತ್ತು."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
ತಂತಿಯ ಆ ಕೊನೆಯಲ್ಲಿ ಚಾಕು ಹಲಗೆಗೆ ತಾಗುವ ಸದ್ದು:
ಮಾತಾಡುತ್ತಲೇ ಮೀನು ಸೀಳುತ್ತಿದ್ದಳು.

ಕೂದಲೆಳೆಯ ಅಂತರ ಎನ್ನುತ್ತಾರೆ ಜನ.
ನಮ್ಮ ವರದಿಯಲ್ಲಿ ಕೂದಲಿಗೆ ಜಾಗವಿಲ್ಲ,
ಅಡಿ ಎಷ್ಟು, ಸೆಕೆಂಡು ಎಷ್ಟು, ಹೇಳಿದ್ದು ಏನು.
'ಬಲಕ್ಕೆ' ಎಂದು ಬರೆದೆ.
ನನ್ನ ಆ ಒಂದು ಮಾತು ಉಳಿಸಿತೋ
ಸತ್ತವನೊಬ್ಬನ ಆ ಹಳೆಯ ಮಾತೋ,
ತಿಳಿಸಲು ಕಾಲಮಿರಲಿಲ್ಲ.
ಸಿಯಾಟಲಿನವರು ತಿರುವಿನಲ್ಲಿ ಚೆಲ್ಲಿದ ಜ್ಯೂಸಿಗೆ
ದೂರು ಕೊಟ್ಟಿದ್ದಾರೆ.

ಈಗ ಮನೆಯ ಕಿಟಕಿಯಲ್ಲಿ ಚುಕ್ಕೆ ಕಂಡರೆ
ತಲೆಯನ್ನು ಗೇಣುದ್ದ ವಾಲಿಸುತ್ತೇನೆ.
ಹಿಂದಿನ ಬೆಟ್ಟದ ಮೇಲೆ ಅದು ಸರಿದರೆ
ಗಾಜಿನದು.
ಬೆಟ್ಟಕ್ಕೇ ಕಚ್ಚಿಕೊಂಡಿದ್ದರೆ
ಹೊರಗಿನದು, ದೂರದ್ದು, ಬರುತ್ತಿರುವುದು.
ಹೆಂಡತಿ ನಗುತ್ತಾಳೆ.

ಇವತ್ತು ಸರಿಯಿತು.
ಒದ್ದೆ ಬಟ್ಟೆ ತಂದು ಒರೆಸಿದೆ.
ಹೋಯಿತು.